ಹುರಿದ ತೊಗರಿ ಕಟ್ಟಿಗೆ

ಹೊಳೆದಂಡೆಯ ಮಠದಲ್ಲಿ ಒಲೆ ಉರಿಸುವ ಕೆಲಸ ಅಡಿವೆಪ್ಪನದು. ಪಾಪ, ಶಾಸ್ತ್ರ ಕಲಿಯಲು ಬಂದ ಶಿಷ್ಯ. ಮಠದ ಸ್ವಾಮಿಗಳಾದ ಅಜ್ಜಾರು ಅವನ ಕೈಗೆ ತೊಗರಿ ಕಟ್ಟಿಗೆ ಕೊಟ್ಟು ಕೂರಿಸಿದ್ದರು.

ರಾಶಿ ಮುಗಿದ ಮೇಲೆ ಭಕ್ತರು ಹೊಲದಿಂದ ತಂದು ಒಟ್ಟಿದ ಅರೆಹಸಿ ಕಟ್ಟಿಗೆ ಅದು. ಉರಿಗಿಂತ ಹೊಗೆಯೇ ಹೆಚ್ಚು.

ಆ ಹೊಗೆಯಲ್ಲೇ ಕೂತು ಗೌರವ್ವ ಮಠಕ್ಕೆಲ್ಲ ರೊಟ್ಟಿ ಬಡಿಯುತ್ತಿದ್ದಳು. ತಾಯಿಯಿಲ್ಲದ ಅಡಿವೆಪ್ಪನ ಹಸಿವು ಕೇಳುತ್ತಿದ್ದವಳು ಅವಳೊಬ್ಬಳೇ.

ಒಂದು ದಿನ ಅವಳಿಗೆ ಕೆಮ್ಮಿ ಕೆಮ್ಮಿ ಸಾಕಾಯಿತು. "ಒಂದೀಟು ಊದೋ ನನ್ನಪ್ಪಾ" ಎಂದಳು.

ಅಡಿವೆಪ್ಪನ ಕಣ್ಣೂ ಉರಿಯುತ್ತಿತ್ತು. "ಊದಿ ಊದಿ ನನ್ನ ಜೀವಾ ಹೊಂಟೈತಿ. ಆಗಲಿಲ್ಲಂದ್ರ ಮಗಳ ಮನಿಗೆ ಹೋಗು!" ಎಂದುಬಿಟ್ಟ.

ಗೌರವ್ವ ರೊಟ್ಟಿ ಮುಗಿಸಿ, ಎದ್ದು ಹೋಗಿ ಸೀರೆಗಳ ಗಂಟು ಕಟ್ಟಿದಳು.

ಅದನ್ನು ಕಂಡ ಅಡಿವೆಪ್ಪ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಾರ ಹತ್ತಿರ ಓಡಿದ.

"ಅಜ್ಜಾರ, ಗೌರವ್ವ ಮಠಾ ಬಿಟ್ಟು ಹೊಂಟಾಳ್ರಿ!"

"ಯಾಕೋ?"

"ಹೊಗಿ ತಾಳಲಾರದಕ್ರಿ."

"ಒಲೀ ಹೊಗಿ ಒಂದನ?"

ಅಡಿವೆಪ್ಪ ನೆಲ ನೋಡುತ್ತ, ತಾನು ಆಡಿದ್ದನ್ನು ಆಡಿದ ಹಾಗೇ ಒಪ್ಪಿಸಿದ.

ಅಜ್ಜಾರಿಗೆ ಈ ಹುಡುಗನ ಮೇಲೆ ಬಲು ಅಕ್ಕರೆ. ಬಯ್ಯಲಿಲ್ಲ. "ಹುಣ್ಣಿಮಿ ದಾಸೋಹ ಮುಗಿಸಿ ಹೋಗವ್ವಾ ಅಂತ ಆಕಿಗೆ ಹೇಳ್ತೀನಿ. ಅಷ್ಟರೊಳಗ ನೀ ಕಟ್ಟಿಗಿ ಹುರಿ."

"ಕಟ್ಟಿಗಿ ಯಾರರ ಹುರೀತಾರೇನ್ರಿ? ಶೇಂಗಾ ಹುರೀತಾರ."

"ಹಂಗಾರ ಶೇಂಗಾ ಅಂತ ತಿಳಕೊಂಡು ಹುರಿ."

ಅಜ್ಜಾರೇ ಹಿತ್ತಲಲ್ಲಿ ನಿಂತು ತೋರಿಸಿದರು. ಹಳೆಯ ಕಬ್ಬಿಣದ ಡ್ರಮ್ಮಿನಲ್ಲಿ ಕಟ್ಟಿಗೆ ಮುರಿದು ತುಂಬಿಸಿದರು. ಮುಚ್ಚಳದ ಸುತ್ತ ಹಸಿಮಣ್ಣು ಮೆತ್ತಿಸಿ, ಹೊಗೆ ಹೋಗಲು ಒಂದು ಸಣ್ಣ ತೂತು ಬಿಡಿಸಿ, ಹೊರಗಿನಿಂದ ಬೆಂಕಿ ಹಾಕಿಸಿದರು.

"ಹೊಗಿ ತೆಳ್ಳಗಾತಂದ್ರ ಬೆಂಕಿ ಎಳಿ. ತೂತಿಗೂ ಮಣ್ಣು ಮೆತ್ತು. ಪೂರಾ ಆರೂತನಕ ಮುಚ್ಚಳಾ ಮುಟ್ಟಬ್ಯಾಡ."

ಹೊಗೆ ತೆಳ್ಳಗಾಯಿತು. ಅಡಿವೆಪ್ಪ ಬೆಂಕಿ ಎಳೆದ, ಮಣ್ಣು ಮೆತ್ತಿದ. ಆದರೆ ಸುಮ್ಮನೆ ಕೂರುವ ಪೈಕಿಯೇ ಅವನು? ಮುಚ್ಚಳವನ್ನು ತುಸುವೇ ಎತ್ತಿ ಇಣುಕಿದ.

ಭಗ್ಗೆಂದು ಉರಿ ಎದ್ದು ಅವನ ಹುಬ್ಬು ಸುಟ್ಟಿತು. ನೋಡನೋಡುತ್ತ ಕಟ್ಟಿಗೆಯೆಲ್ಲ ಬೂದಿಯಾಯಿತು.

"ಹದಕ್ಕ ಬಂದೈತೋ ಇಲ್ಲೋ ಅಂತ ನೋಡಿದೆ, ಅಷ್ಟರಿ ಅಜ್ಜಾರ."

"ಬರೂದಿತ್ತು. ನೀ ನೋಡಿದಿ." ಅಜ್ಜಾರು ಅವನ ಹುಬ್ಬಿಗೆ ಬೆಣ್ಣೆ ಹಚ್ಚಿದರು. "ಮತ್ತ ತುಂಬು."

ಮತ್ತೆ ತುಂಬಿದ. ಈ ಸಲ ಡ್ರಮ್ಮಿನ ಪಕ್ಕದಿಂದ ಕದಲಲಿಲ್ಲ. ಗಾಳಿ ತಿರುಗಿದಾಗಲೆಲ್ಲ ಹೊಗೆ ಅವನ ಮುಖಕ್ಕೇ ಬಂತು. ಕೆಮ್ಮಿ ಕೆಮ್ಮಿ ಹೊಟ್ಟೆ ಹಿಡಿದುಕೊಂಡಾಗ ಗೌರವ್ವನ ಕೆಮ್ಮು ನೆನಪಾಯಿತು. ಅಯ್ಯೋ, ಎಂಥ ಮಾತಾಡಿದೆ ಎಂದು ಅಲ್ಲೇ ಕೂತು ಅತ್ತ.

ಮರುದಿನ ಡ್ರಮ್ಮು ತಣ್ಣಗಾದ ಮೇಲೆ ಮುಚ್ಚಳ ತೆಗೆದ. ಕಟ್ಟಿಗೆಗೆ ಕಾಫಿಪುಡಿಯ ಬಣ್ಣ ಬಂದಿತ್ತು. ಮುರಿದರೆ ಲಟಕ್ಕನೆ ಮುರಿಯಿತು.

ಹುಣ್ಣಿಮೆ ಬಂತು. ಅಡಿವೆಪ್ಪ ಒಲೆ ಹೊತ್ತಿಸಿ ಹೊರಗೆ ಬಂದ. ಗೌರವ್ವ ರೂಢಿಯಂತೆ ಮೂಗಿಗೆ ಸೆರಗು ಹಿಡಿದು, ಕಣ್ಣು ಮುಚ್ಚಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಒಂದು ಕಣ್ಣು ತೆರೆದಳು. ಆಮೇಲೆ ಇನ್ನೊಂದು. ಒಲೆಯಲ್ಲಿ ನಿಚ್ಚಳ ಉರಿ.

"ಇಂಥಾ ಒಲಿ ಬಿಟ್ಟು ನಾ ಎಲ್ಲಿಗೆ ಹೋಗಲ್ರಿ ಅಜ್ಜಾರ?" ಎಂದು ಒಳಗಿನಿಂದಲೇ ಕೂಗಿದಳು.

ಅಡಿವೆಪ್ಪ ಹೊಸ್ತಿಲಾಚೆಯೇ ನಿಂತಿದ್ದ. ಒಳಗೆ ಹೋಗಲು ಮುಖವಿರಲಿಲ್ಲ.

"ಅದ ತೊಗರಿ ಕಟ್ಟಿಗಿ, ಅದ ಒಲಿ," ಎಂದ ಮೆಲ್ಲಗೆ. "ಹೊಗಿ ಎಲ್ಲಿ ಹೋತ್ರಿ ಅಜ್ಜಾರ?"

ಅಜ್ಜಾರು ತಮ್ಮ ಶಲ್ಯದ ತುದಿಯಿಂದ ಅವನ ಮುಖದ ಮಸಿ ಒರೆಸಿದರು. ಬೆನ್ನ ಮೇಲೆ ಕೈಯಿಟ್ಟು ಒಳಕ್ಕೆ ನೂಕಿದರು.

"ಕಟ್ಟಿಗಿ ತನ್ನ ಹೊಗಿ ಹೊರಗ ಬಿಟ್ಟು ಒಳಗ ಬಂದೈತೋ ತಮ್ಮಾ. ನೀನೂ ಹೋಗು, ರೊಟ್ಟಿ ಆರತಾವ."