ತುಪ್ಪ ಬಡಿಸಿದ ನ್ಯಾಯದೇವತೆ

ಹೊಳೆ ದಂಡೆಯ ಆಶ್ರಮದಲ್ಲಿ ವಾಗೀಶ ಎಂಬ ಶಿಷ್ಯನಿದ್ದ. ಪ್ರವಚನ ಮಾಡಬೇಕೆಂದು ಆರು ವರ್ಷದಿಂದ ಅವನ ನಾಲಿಗೆ ತುರಿಸುತ್ತಿತ್ತು. ಗುರುಗಳು ಮಾತ್ರ ಅಪ್ಪಣೆ ಕೊಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಬಂದ ಚಿತ್ರವೊಂದನ್ನು ಹಿಡಿದು ಓಡಿಬಂದ.

“ಗುರುಗಳೇ, ಇದು ಅಮೆರಿಕದ ಚಿತ್ರ. ಇವಳು ನ್ಯಾಯದೇವತೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಬಿಳಿಯ ಮನುಷ್ಯ, ಇನ್ನೊಂದರಲ್ಲಿ ಕಪ್ಪು ಮನುಷ್ಯ. ಇಬ್ಬರೂ ಕದ್ದದ್ದು ಒಂದೊಂದೇ ರೊಟ್ಟಿ. ಆದರೂ ಕಪ್ಪು ಮನುಷ್ಯನ ತಪ್ಪೇ ಭಾರವೆಂದು ಅವನ ತಟ್ಟೆ ನೆಲ ಮುಟ್ಟಿದೆ!”

“ಅದು ಹೇಗೆ?”

“ಅವಳ ಕಣ್ಣಿಗೆ ಕಟ್ಟಿದ ಬಟ್ಟೆಯಲ್ಲಿ ತೂತಿದೆ ನೋಡಿ. ಮೈಬಣ್ಣ ಇಣುಕಿ ನೋಡಿ ತೂಗುತ್ತಾಳೆ. ಎಂಥ ಅನ್ಯಾಯ! ಸಂಜೆ ಇದರ ಮೇಲೆ ಪ್ರವಚನ ಮಾಡುತ್ತೇನೆ, ಅಪ್ಪಣೆ ಕೊಡಿ.”

ಅವನ ಕಣ್ಣಲ್ಲಿ ನೀರಿತ್ತು. ಪಾಪ, ಅದು ನಿಜವಾದ ನೀರೇ.

“ಪರಿಹಾರ ಏನು?”

“ಬಹಳ ಸುಲಭ. ತೂತಿಲ್ಲದ ಬಟ್ಟೆ ಕಟ್ಟಿದರಾಯಿತು.”

ಗುರುಗಳು ತಮ್ಮ ಹೆಗಲ ಮೇಲಿನ ಶಲ್ಯ ತೆಗೆದುಕೊಟ್ಟರು.

“ಮಧ್ಯಾಹ್ನ ಕಣ್ಣು ಕಟ್ಟಿಕೊಂಡು ತುಪ್ಪ ಬಡಿಸು. ಒಂದು ಹನಿಯೂ ಎಲೆಯ ಹೊರಗೆ ಬೀಳಬಾರದು. ಆಮೇಲೆ ಪ್ರವಚನದ ಮಾತು.”

ಮಧ್ಯಾಹ್ನ ವಾಗೀಶ ಕಣ್ಣು ಕಟ್ಟಿಕೊಂಡು, ತುಪ್ಪದ ಗಿಂಡಿ ಹಿಡಿದು ಊಟದ ಪಂಕ್ತಿಗೆ ಇಳಿದ.

“ಯಾರು?”

“ವಕೀಲ ಶೇಷಗಿರಿ.”

“ಓಹೋ, ರಾಯರೇ!” ಮೂರು ಚಮಚ ಬಿತ್ತು.

“ಯಾರು?”

“ಆಶ್ರಮಕ್ಕೆ ಹಸು ಕೊಟ್ಟ ಗೌರಮ್ಮ.”

“ಸಂಕೋಚ ಬೇಡ ತಾಯೀ, ಅನ್ನ ಮುಳುಗಲಿ.”

“ಯಾರು?”

ಒಡಕು ದನಿಯೊಂದು ಹೇಳಿತು: “ನಾನ್ರೀ, ಚಪ್ಪಲಿ ಹೊಲಿಯೋ ದುರುಗಪ್ಪ.”

ವಾಗೀಶ ಒಂದು ಹೆಜ್ಜೆ ಹಿಂದೆ ಸರಿದು, ಮೇಲಿಂದಲೇ ಚಮಚ ಬಾಗಿಸಿದ.

“ಎಲೆಯ ಮೇಲೇ ಬಿತ್ತು ತಾನೇ?”

“ಬಿತ್ರೀ. ಎಲ್ಲೈತಿ ಅಂತ ಹುಡುಕಾಕತ್ತೀನಿ.”

ಇಡೀ ಪಂಕ್ತಿ ಗೊಳ್ಳೆಂದು ನಕ್ಕಿತು. ವಾಗೀಶ ಗಾಬರಿಯಿಂದ ಬಟ್ಟೆ ಕಿತ್ತು ನೋಡಿದ. ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಎದುರಿಗೆ ಒಣ ಅನ್ನದ ಮುಂದೆ, ದುರುಗಪ್ಪನ ದನಿಯನ್ನು ಅನುಕರಿಸಿ ಮಾತಾಡಿದ್ದ ಗುರುಗಳು ಕೂತಿದ್ದರು. ಅವರ ಪಕ್ಕದಲ್ಲಿ ದುರುಗಪ್ಪ ನಗು ತಡೆಯಲಾರದೆ ಬಾಯಿಗೆ ಟವೆಲ್ ಒತ್ತಿಕೊಂಡಿದ್ದ.

ವಾಗೀಶ ಪೂರ್ತಿ ತುಪ್ಪದ ಗಿಂಡಿಯನ್ನೇ ಗುರುಗಳ ಎಲೆಗೆ ಬಗ್ಗಿಸಲು ಹೋದ.

“ತಪ್ಪಾಯಿತು ಗುರುಗಳೇ! ಇಲ್ಲಿ ಕೂತವರು ನೀವು ಅಂತ ಗೊತ್ತಾಗಿದ್ದರೆ...”

ಗುರುಗಳು ಎಲೆಯ ಮೇಲೆ ಕೈ ಅಡ್ಡ ಹಿಡಿದರು.

“ಗೊತ್ತಾಗಬಾರದು ಅಂತಲೇ ಕಣ್ಣು ಕಟ್ಟಿದ್ದು, ಮಗೂ.”