ಆರನೆಯ ಗ್ಲಾಸು

ಮಂಗಳೂರಿನ ನಮ್ಮ ಹೋಟೆಲಿನಲ್ಲಿ ದಕ್ಷಿಣ ಫ್ರಾನ್ಸಿನ ಆರು ವೈನುಗಳ ರುಚಿ ಪರೀಕ್ಷೆಯಿತ್ತು. ಒಂದು ಬಾಟಲಿ ನನ್ನ ಕೈಜಾರಿ ಒಡೆಯಿತು. ನಾನೇ ಕುಡಿದೆ ಅನ್ನುವವರನ್ನು ನಂಬಬೇಡಿ.

"ಐದೇ ಗ್ಲಾಸು ತಂದೆಯೋ, ಮ್ಯಾನೇಜರಿಗೆ ಹೇಳಿ ಇವತ್ತೇ ನಿನ್ನ ಕೆಲಸ ತೆಗೆಸ್ತೇನೆ," ಎಂದರು ತೀರ್ಪುಗಾರ ಮೇದಪ್ಪನವರು.

ಬಾಟಲಿ ತೋರಿಸದೆ ಗ್ಲಾಸಿನಲ್ಲಷ್ಟೇ ಅವರಿಗೆ ಕೊಡುವುದು ಪದ್ಧತಿ. ಮನೆಗೆ ಓಡಿದೆ. ತೀರಿಕೊಳ್ಳುವ ಮುಂಚೆ ಅಮ್ಮ ಕ್ರಿಸ್ಮಸ್ಸಿಗೆಂದು ಹಾಕಿದ್ದ ದ್ರಾಕ್ಷಿ ವೈನು ಭರಣಿಯ ತಳದಲ್ಲಿ ಒಂದು ಗ್ಲಾಸಿನಷ್ಟು ಉಳಿದಿತ್ತು. ವರ್ಷದಿಂದ ಮುಟ್ಟದೆ ಇಟ್ಟಿದ್ದೆ. ಅದನ್ನೇ ತಂದು ಆರನೆಯದಾಗಿ ಇಟ್ಟೆ.

ಮೇದಪ್ಪನವರು ಮೂಸಿದರು. ನಾಲಿಗೆಗೆ ಸೋಕಿಸಿದರು. "ಆಹಾ, ಲವಂಗದ ಪರಿಮಳ! ಇಂಥದ್ದನ್ನು ಫ್ರಾನ್ಸಿನ ಹಳೇ ಕ್ರೈಸ್ತ ಮಠಗಳಲ್ಲಿ ಮಾತ್ರ ಮಾಡ್ತಾರಯ್ಯ. ನಿನಗೆಲ್ಲಿ ಗೊತ್ತಾಗಬೇಕು?"

"ನನಗೆಲ್ಲಿಂದ ಸರ್!" ಎಂದೆ. ಅದಕ್ಕೇ ಮೊದಲ ಸ್ಥಾನ ಕೊಟ್ಟರು. ಒಳಗೊಳಗೇ ಕುಣಿದೆ.

ಆಮೇಲೆ ಅವರು ಉಳಿದದ್ದಷ್ಟನ್ನೂ ಬಾಯಿಗೆ ಸುರಿದುಕೊಂಡು, ಮುಕ್ಕಳಿಸಿ, ಪಕ್ಕದ ಬಕೆಟ್ಟಿಗೆ ಉಗಿದರು.

"ನುಂಗಬಹುದಿತ್ತಲ್ಲ ಸರ್!"

"ತೀರ್ಪುಗಾರರು ನುಂಗುವುದಿಲ್ಲ ಮಾರಾಯ."

ನನ್ನ ಕೆಲಸ ಉಳಿಯಿತು. ಆ ಬಕೆಟ್ಟು ತೊಳೆಯುವುದೂ ನನ್ನದೇ ಕೆಲಸ. ಆವತ್ತು ಅದನ್ನು ತಕ್ಷಣ ಚೆಲ್ಲಲು ಕೈ ಬರಲಿಲ್ಲ.