ರಕ್ತನಾಳಕ್ಕೆ ಹೊಕ್ಕದ್ದು

ಮಲಪ್ರಭೆಯ ದಂಡೆಗೆ ಒಂದು ಮಠ. ಅಲ್ಲಿನ ಗುರುಗಳಿಗೆ ಎಲ್ಲರೂ ಅಜ್ಜಾರು ಅನ್ನುತ್ತಿದ್ದರು.

ಅವರ ಶಿಷ್ಯ ಗುರುಪಾದ. ಅವನ ಹೆಂಡತಿ ಕಾಶವ್ವನಿಗೆ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಆಗಿತ್ತು. ಆಪರೇಷನ್ ಮಾಡಿ ತೆಗೆದರು. ಗಡ್ಡೆ ಹೋದರೆ ಮಠದಲ್ಲಿ ಹೋಳಿಗೆ ಊಟ ಹಾಕಿಸುತ್ತೇನೆ ಎಂದು ಗುರುಪಾದ ಹರಕೆ ಹೊತ್ತಿದ್ದ.

ಅಂದು ಆ ಊಟ. ಕಾಶವ್ವ ತಾನೇ ತವೆಯ ಮುಂದೆ ಕೂತಿದ್ದಳು.

ಆಸ್ಪತ್ರೆಗೆ ಹೋಗಿದ್ದ ಗುರುಪಾದ ತಿರುಗಿ ಬಂದ. ಅಡುಗೆಮನೆಗೆ ಹೋಗಲಿಲ್ಲ. ಹೊಳೆಯ ಮೆಟ್ಟಿಲಲ್ಲಿ ಕೂತಿದ್ದ ಅಜ್ಜಾರ ಮುಂದೆ ನಿಂತ. ಚಪ್ಪಲಿ ಬಿಡುವುದನ್ನೂ ಮರೆತಿದ್ದ.

“ಅಜ್ಜಾರ, ಒಲಿ ಆರಿಸಾಕ ಹೇಳ್ರಿ.”

“ಯಾಕೋ? ಗಡ್ಡಿ ಹೋತಲ್ಲ?”

“ಹೋತ್ರಿ. ಆದ್ರ ತಗದ ತುಂಡು ಪರೀಕ್ಷಾ ಮಾಡ್ಯಾರ. ಅದು ರಕ್ತನಾಳದಾಗ ಹೊಕ್ಕಿತ್ತಂತ.”

“ಹೊಕ್ಕರ?”

“ರಕ್ತದ ಕೂಡ ಎಲ್ಲಿಗಾದ್ರೂ ಹೋಗಿರಬಹುದಂತ. ಮತ್ತ ಬರೋ ಸಂಭವ ಹೆಚ್ಚಂತ.”

“ಬಂದೇ ಬರ್ತೈತಿ ಅಂತ ಡಾಕ್ಟರು ಹೇಳ್ಯಾರೇನು?”

“ಹಂಗಂದಿಲ್ಲ. ಬರೂದಿಲ್ಲ ಅಂತನೂ ಅಂದಿಲ್ಲ.”

ಅಜ್ಜಾರು ಹಾಡು ಕೇಳಿಬರುತ್ತಿದ್ದ ಅಡುಗೆಮನೆಯ ಕಡೆ ನೋಡಿದರು.

“ಆಕಿ ಹಾಡ್ಕೋತ ಲಟ್ಟಿಸಾಕತ್ತಾಳ್ರಿ. ನನ್ನ ಬಾಯಿಲೆ ಆಗೂದಿಲ್ಲ. ನೀವು ಒಂದು ಮಾತು ಹೇಳಿಬಿಡ್ರಿ. ಎಲ್ಲಾ ಹೋತವ್ವ, ಇನ್ನ ಚಿಂತಿಲ್ಲ ಅಂತ. ನಿಮ್ಮ ಮಾತು ನಂಬ್ತಾಳ.”

ಅಜ್ಜಾರು ಎದ್ದರು. ಅಡುಗೆಮನೆಯ ಕಡೆ ನಡೆದರು. ಗುರುಪಾದನಿಗೆ ಹೋದ ಜೀವ ಬಂದಂತಾಯಿತು. ಹಿಂದೆಯೇ ಹೋದ.

“ಏಳವ್ವ ಕಾಶವ್ವ. ನಿನ್ನ ಗಂಡ ಏನೋ ಹೇಳಬೇಕಂತ. ಹೋಳಿಗಿ ನಾ ನೋಡ್ತೀನಿ.”

ಹಾಗೆಂದವರೇ ತವೆಯ ಮುಂದೆ ಕೂತುಬಿಟ್ಟರು.

ಗುರುಪಾದ ಕಂಬದ ಹಾಗೆ ನಿಂತ.

“ನೀವಾ? ಸುಟ್ಟು ಕರ್ರಗ ಮಾಡ್ತೀರಿ ಅಜ್ಜಾರ!”

ಕಾಶವ್ವ ನಕ್ಕಳು. ಗಂಡನ ಮುಖ ನೋಡಿದಳು. ನಗು ನಿಂತಿತು.

“ಡಾಕ್ಟರು ಏನಂದ್ರು?”

ಅವನು ಹೇಳಿದ. ನಿಂತು ನಿಂತು ಹೇಳಿದ. ಎಲ್ಲಾ ಹೇಳಿದ.

ಆಕೆ ಹಿಟ್ಟಿನ ಕೈಯನ್ನು ಪಕ್ಕೆಯ ಮೇಲೆ ಇಟ್ಟುಕೊಂಡಳು. ಹೊಲಿಗೆ ಹಾಕಿದ ಕಡೆ. ಸೀರೆಗೆ ಹಿಟ್ಟು ಹತ್ತಿತು.

“ಯಾವಾಗ ಗೊತ್ತಾತು ನಿಮಗ?”

“ಮುಂಜಾನೆ.”

“ಮುಂಜಾನಿಂದ ಏನರ ತಿಂದೀರಿ?”

ಇಲ್ಲ ಎಂದು ತಲೆ ಅಲ್ಲಾಡಿಸಿದ.

ಆಕೆ ಗುರುಗಳ ಕಡೆ ತಿರುಗಿದಳು.

“ಅಜ್ಜಾರ, ಅದು ಮತ್ತ ಬರ್ತೈತೇನ್ರಿ?”

“ನನಗ ಗೊತ್ತಿಲ್ಲವ್ವ.”

ಅವರ ಬಾಯಲ್ಲಿ ಆ ಮಾತನ್ನು ಗುರುಪಾದ ಎಂದೂ ಕೇಳಿರಲಿಲ್ಲ.

“ನೀವೇ ಹಿಂಗಂದ್ರ ಆಕಿ ಇನ್ನ ಯಾರನ್ನ ನಂಬಬೇಕ್ರಿ?”

ಅಜ್ಜಾರು ಹೋಳಿಗೆ ತಿರುವಿ ಹಾಕಿದರು.

“ಏನಂದ್ರು ಅಂತ ಕೇಳುಮುಂದ ಆಕಿ ಯಾರ ಮುಖಾ ನೋಡಿದ್ಲೋ, ಗುರುಪಾದ?”